ನೀಲಿ ಪೆನ್ಸಿಲ್

ಕಗ್ಗಲ್ಲ ಸಾಯುವುದು ಯಾವಾಗಲೂ ಮೂವತ್ತೊಂದನೇ ಪುಟದಲ್ಲಿ.
ಮೂವತ್ತೆರಡರಲ್ಲಿ ಒಂದು ತೊಟ್ಟಿಲು,
ಅದರ ಕೆಳಗೆ ಹಲ್ಲುಪುಡಿಯ ಜಾಹೀರಾತು.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಟೈಲರ್ ಅಂಗಡಿಯ ಮಹಡಿಯಲ್ಲಿ
ಪೆಮ್ಮಯ್ಯ ಚಿತ್ರ ಬರೆಯುತ್ತಾನೆ, ನಾನು ಮಾತು ತುಂಬುತ್ತೇನೆ.
ಗುಳ್ಳೆಗೆ ಎಂಟಾಣೆ.
ಗುಳ್ಳೆಯೊಳಗೆ ಹಿಡಿಸದ ಮಾತಿಗೆ ಕಾಸಿಲ್ಲ.

ಒಂಬತ್ತು ಜನ್ಮ ನೋಡಿದ್ದೇನೆ ಇವನದು.
ಒಮ್ಮೆ ಕೋವಿ ರಿಪೇರಿಯವನು,
ಒಮ್ಮೆ ಮಾಕುಟ್ಟದ ಘಾಟಿಯಲ್ಲಿ ಲಾರಿ ಕ್ಲೀನರು,
ಒಮ್ಮೆ, ಪೆಮ್ಮಯ್ಯನಿಗೆ ಜ್ವರ ಬಂದ ತಿಂಗಳು, ಬರೀ ಒಂದು ನಾಯಿ.
ಮುಷ್ಟಿ ಬಿಗಿದರೆ ಬಂಡೆ ಒಡೆಯುತ್ತದೆ,
ಕಾಫಿ ಲೋಟ ಹಿಡಿದರೆ ಕೈ ನಡುಗುತ್ತದೆ.
ಮಕ್ಕಳು ಬಂಡೆಯ ಪುಟಕ್ಕೇ ಹಾರುತ್ತಾರೆ.

ಹುಟ್ಟಿದಾಗಲೆಲ್ಲ ಅವನಿಗೆ ವೈರಿಗಳೆಲ್ಲ ನೆನಪು:
ಯಾರು ಬೆನ್ನಿಗೆ ಇರಿದರು, ಯಾವ ದಡದಲ್ಲಿ, ಎಷ್ಟು ಗಂಟೆಗೆ.
ಬೊಳ್ಳವ್ವ ಮಾತ್ರ ನೆನಪಿಲ್ಲ.
ಬೊಳ್ಳವ್ವನಿಗೋ ಒಂದೂ ಮರೆತಿಲ್ಲ,
ನಾಯಿಜನ್ಮದ ಆ ಬೆಚ್ಚನೆಯ ಕಿವಿಯೂ.
ಆದರೂ ಅವಳಿಗೆ ಪುಸ್ತಕಕ್ಕೊಂದೇ ಗುಳ್ಳೆ,
ಅದರಲ್ಲಿ ಒಂದೇ ಮಾತು: ‘ಅಯ್ಯೋ!’

ಕೇಳಿದೆ ಒಂದು ದಿನ,
‘ಇವಳು ಬೇರೇನೂ ಹೇಳುವುದೇ ಇಲ್ಲವೇ?’
ರಬ್ಬರಿನ ಪುಡಿ ಊದಿ ಪೆಮ್ಮಯ್ಯ ಅಂದ,
‘ಹೇಳಿಬಿಟ್ಟರೆ ಇವನು ಸಾಯಲು ಒಪ್ಪುವುದಿಲ್ಲ.
ಮುಂದಿನ ಸಂಚಿಕೆಗೆ ಏನು ಮಾಡಲಿ?’

ನಮ್ಮ ಮನೆಯಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ.
ಕಾರಣರಿಗೆ ಮೀದಿ ಇಡುವ ರಾತ್ರಿ
ಬಾಡು ಬ್ರಾಂದಿ ತೆಗೆದಿಟ್ಟು ದೀಪದ ಮುಂದೆ ಕೈಮುಗಿಯುತ್ತೇವೆ.
ಅಣ್ಣನ ಮಗ ತಟ್ಟೆ ಎಸೆದರೆ
ಅಜ್ಜನ ಸಿಟ್ಟೇ ಬಂದಿದೆ ಎಂದು ಎಲ್ಲರೂ ಹಿಗ್ಗುತ್ತಾರೆ.
ಅಜ್ಜಿಯ ಜಡೆಗೆ ಅಜ್ಜ ಕದ್ದು ಹೂ ಸಿಕ್ಕಿಸುತ್ತಿದ್ದುದು
ಯಾವ ಮೊಮ್ಮಗನಿಗೂ ಬರಲಿಲ್ಲ.

ಮೊದಲು ನೀಲಿ ಪೆನ್ಸಿಲಿನಲ್ಲಿ ಗೀಚುತ್ತಾನೆ, ಆಮೇಲೆ ಕಪ್ಪು ಶಾಯಿ.
ಪ್ರೆಸ್ಸಿನ ಕ್ಯಾಮೆರಾಕ್ಕೆ ನೀಲಿ ಕಾಣುವುದಿಲ್ಲ.
ನನಗೆ ಕಾಣುತ್ತದೆ.
ಶಾಯಿಯ ಅಡಿಯಲ್ಲಿ ಬೊಳ್ಳವ್ವನಿಗೆ ಬೇರೆ ಬೇರೆ ಮುಖ:
ಒಂದರಲ್ಲಿ ನನ್ನ ಮೂಗು,
ಇನ್ನೊಂದರಲ್ಲಿ ಕಳೆದ ಕೈಲ್‌ಪೊಳ್ದಿನಂದು ನಾನು ಒಡೆದುಕೊಂಡ ಕನ್ನಡಕ,
ಬಿರುಕಿನ ಸಮೇತ.
ಶಾಯಿ ಬೀಳುವಷ್ಟರಲ್ಲಿ ಸುಂದರಿಯಾಗಿಬಿಡುತ್ತಾಳೆ.

ನಾನೇನೂ ಅನ್ನಲಿಲ್ಲ. ಅವನೂ.
ಆರು ವರ್ಷ, ಒಂಬತ್ತು ಜನ್ಮ, ಇಬ್ಬರ ನಡುವೆ
ಅತ್ತಿತ್ತ ಕತ್ತು ಹೊರಳಿಸುವ ಒಂದು ಟೇಬಲ್ ಫ್ಯಾನು.

ನಿನ್ನೆ ಹತ್ತನೆಯದು ಕೈಗೆ ಬಂತು.
ಮೂವತ್ತೊಂದನೇ ಪುಟ: ಬಾರಪೊಳೆಯಲ್ಲಿ ಮುಳುಗುತ್ತಿದ್ದಾನೆ ಕಗ್ಗಲ್ಲ,
ಬೊಳ್ಳವ್ವ ದಡದಲ್ಲಿ, ಸೀರೆಯ ಅಂಚು ನೀರಲ್ಲಿ,
ತಲೆಯ ಮೇಲೆ ಖಾಲಿ ಗುಳ್ಳೆ.
‘ಅಯ್ಯೋ’ ಬರೆಯಲು ಎತ್ತಿದ ಪೆನ್ನನ್ನು ಕೆಳಗಿಟ್ಟು
ಅವನ ಡಬ್ಬಿಯಿಂದ ನೀಲಿ ಪೆನ್ಸಿಲ್ ತೆಗೆದುಕೊಂಡೆ.

ಅಚ್ಚಾದಾಗ ಅಲ್ಲಿ ಬಿಳಿ.
ಮಕ್ಕಳು ಮುದ್ರಣದೋಷವೆಂದುಕೊಂಡು
ತಮಗೆ ತೋಚಿದ್ದು ತುಂಬಿಕೊಳ್ಳಲಿ.

ಮೂಲಪ್ರತಿ ಅವನ ಮೇಜಿನ ಮೇಲಿದೆ.
ಇವತ್ತು ಮಧ್ಯಾಹ್ನದಿಂದ
ಆ ಕಡೆ ರಬ್ಬರಿನ ಸದ್ದಿಲ್ಲ.