ಹೆಸರು ಕೊರೆಯುವ ಕೋಣೆ

ಮತ್ಸುಮೊಟೊ ಊರಿನ ಹಳೆಯ ಕ್ಯಾಮೆರಾ ಅಂಗಡಿ.
ಕರಿ ಮಖಮಲ್ಲಿನ ಮೇಲೆ ಎರಡು ಲೆನ್ಸು,
ಎರಡೂ ಎಂಬತ್ತೈದೇ ಮಿಲಿಮೀಟರು, ಒಂದೇ ಬಾಯಿಯಗಲ.
ಒಂದರ ಕೊರಳಲ್ಲಿ ನನ್ನ ಕ್ಯಾಮೆರಾದ್ದೇ ಹೆಸರು,
ಇನ್ನೊಂದರ ಕೊರಳಲ್ಲಿ ಬೇರೆ ಯಾರದೋ.
ಎರಡು ಬೆಲೆಚೀಟಿಗಳ ನಡುವೆ
ನನ್ನ ಮೂರು ತಿಂಗಳ ಬಾಡಿಗೆ
ಕಾಲು ಚಾಚಿ ಮಲಗುವಷ್ಟು ಜಾಗ.

ಮೊದಲನೆಯದು ಸೋದರಿಕೆಯ ಸಂಬಂಧ ಇದ್ದ ಹಾಗೆ:
ಕ್ಯಾಮೆರಾ ಅರ್ಧ ಮಾತಾಡಿದರೆ ಇದಕ್ಕೆ ಪೂರ್ತಿ ತಿಳಿಯುತ್ತದೆ,
ರೆಪ್ಪೆ ಬಡಿಯುವ ಮುನ್ನ ಕಣ್ಣನ್ನು ಹಿಡಿಯುತ್ತದೆ.
ಇನ್ನೊಂದು ಹೊರಗಿನ ಸಂಬಂಧ.
ಭಾಷೆ ಕಲಿತು ಬಂದದ್ದು, ಉತ್ತರ ತುಸು ತಡ;
ನಾಳೆ ಕ್ಯಾಮೆರಾದ ಮನೆಯವರು ಹೊಸ ಫರ್ಮ್‌ವೇರ್ ತಂದರೆ
ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕಾಯಬೇಕಾದೀತು.

ನನ್ನ ಕಸುಬು ಹೇಳಿಬಿಡುತ್ತೇನೆ.
ಉಸಿರಿರುವಾಗಲೇ ಕೆಲವರು
ತಮ್ಮ ಶವಸಂಸ್ಕಾರದ ದಿನಕ್ಕೆಂದು ಪಟ ತೆಗೆಸಿಡುತ್ತಾರಲ್ಲ,
ಆ ಪಟ ತೆಗೆಯುವವಳು ನಾನು.
ತಲೆ ಬಾಚಿ, ಒಳ್ಳೆಯ ಕೋಟು ತೊಟ್ಟು ಬರುತ್ತಾರೆ,
"ನಗಬಹುದೇ?" ಎಂದು ಕೇಳುತ್ತಾರೆ.
ಹತ್ತು ವರ್ಷ ಒಂದೇ ಜೂಮಿನಲ್ಲಿ ದೂಡಿದೆ,
ಕೂತಲ್ಲೇ ಮುಖಗಳನ್ನು ಎಳೆದುಕೊಂಡೆ.
ಈಗ ನಾನೇ ಎದ್ದು ಒಂದು ಹೆಜ್ಜೆ
ಅವರ ಹತ್ತಿರ ಹೋಗಬೇಕು ಅನಿಸಿದೆ;
ಅದಕ್ಕೇ ಈ ಪ್ರೈಮ್ ಲೆನ್ಸಿನ ಹುಚ್ಚು.

ಎರಡನ್ನೂ ಸಿಕ್ಕಿಸಿ ಅಂಗಡಿಯ ಮೊಮೊಸೆಯ ಮುಖವನ್ನೇ ತೆಗೆದೆ.
ಮನೆತನದ ಗಾಜು ಶಾನುಭೋಗನ ಹಾಗೆ
ಗಲ್ಲದ ಬಿಳಿ ಕೂಳೆಯೊಂದನ್ನೂ ಲೆಕ್ಕಕ್ಕೆ ಬಿಡಲಿಲ್ಲ,
ಕನ್ನಡಕದ ತಿರುಪಿನ ತುಕ್ಕನ್ನೂ ಬರೆದುಕೊಂಡಿತು.
ಹೊರಗಿನದು ನರೆಗೂದಲ ಅಂಚಿಗೆ ನೇರಳೆ ಹಚ್ಚಿತು,
ಮೂಲೆಗಳಲ್ಲಿ ಕೊಂಚ ಕತ್ತಲು ಉಳಿಸಿತು,
ಒಮ್ಮೆಯಂತೂ ಕಣ್ಣು ಬಿಟ್ಟು ಹುಬ್ಬು ಹಿಡಿಯಿತು.
"ಒಂದು ವಾರ ಎರಡನ್ನೂ ಇಟ್ಟುಕೋ," ಅಂದ ಮೊಮೊಸೆ,
ನನ್ನ ಹಣೆಯ ಗಂಟು ನೋಡಲಾರದೆ.

ಆ ವಾರ ಬಂದವರು ಮೊರೊಜುಮಿ.
ಸುವಾ ಸರೋವರದ ಕಡೆಯವರು, ಎಂಬತ್ತೊಂಬತ್ತು.
ಕುರ್ಚಿ ತೋರಿಸಿದರೆ ಮೇಜಿನ ಕಡೆ ಹೋದರು,
ಒಂದು ಲೆನ್ಸನ್ನೆತ್ತಿ ಕಿಟಕಿಗೆ ಓರೆಯಾಗಿ ಹಿಡಿದು
ಗಾಜಿನ ಮೇಲೆ ಹಸಿರು ಜಾರುವುದನ್ನು ನೋಡಿದರು.
ಇನ್ನೊಂದನ್ನೂ.

"ಮೂವತ್ತೊಂದು ವರ್ಷ ಗಾಜು ಉಜ್ಜಿದೆ.
ಉಂಗುರಕ್ಕೆ ಹೆಸರು ಕೊರೆಯುವುದು ಬೇರೆ ಕೋಣೆಯಲ್ಲಿ.
ಯಾರ ಹೆಸರೆಂದು ನಮಗೆ ಹೇಳುತ್ತಿರಲಿಲ್ಲ,
ಕೇಳುವುದೂ ಚೆಂದವಲ್ಲ.
ಊಟದ ಬಿಡುವಿನಲ್ಲಿ ಆ ಕೋಣೆಯವನೊಬ್ಬ
ನನಗೆ ಮೂಲಂಗಿ ಉಪ್ಪಿನಕಾಯಿ ಕೊಡುತ್ತಿದ್ದ.
ಅಷ್ಟು ಗೊತ್ತು."

ಹಾಗಾದರೆ ಇವೆರಡರಲ್ಲಿ ಯಾವುದು ಮೇಲು ಎಂದೆ,
ಎರಡೂ ಒಂದೇ ಅಂತಾರೆ ಎಂಬ ಆಸೆಯಿಂದ.
ಗೆರೆ ಸವೆದು ನುಣುಪಾದ ಬೆರಳಿಂದ
ದುಬಾರಿಯದನ್ನೇ ತಟ್ಟಿದರು.
"ಇದು. ಅನುಮಾನವೇ ಇಲ್ಲ.
ಆದರೆ ನನ್ನ ಪಟ ಅದರಲ್ಲಿ ತೆಗೆ, ಆ ಇನ್ನೊಂದರಲ್ಲಿ.
ಹೆಂಡತಿಯ ಕಣ್ಣಿಗೆ ಪೊರೆ ಬಂದಿದೆ.
ಅವಳಿಗೆ ಪರಿಚಯವಿರುವ ನಾನು
ಅಷ್ಟೊಂದು ಸ್ಪಷ್ಟವಿಲ್ಲ."

ಕೂತರು. ನಗಬಹುದೇ ಎಂದು ಕೇಳಲಿಲ್ಲ, ನಕ್ಕೇಬಿಟ್ಟರು.
ಲೆನ್ಸು ಗುರ್ರೆಂದು ಹಿಂದೆ ಮುಂದೆ ತಡಕಾಡಿ
ತಡವಾಗಿ ಹಿಡಿಯಿತು.
ಸಿಕ್ಕಿದ್ದು ನಗು ಮುಗಿದ ಮರುಗಳಿಗೆಯ ಮುಖ:
ಅತಿಥಿ ಹೋದಮೇಲೂ ಬೆಚ್ಚಗಿರುವ ಜಮಖಾನೆ.

ಅಗ್ಗದ್ದನ್ನೇ ಕೊಂಡೆ.
ಅರಿವು ಮೂಡಿತೆಂದು ತಿಳಿಯಬೇಡಿ, ದುಡ್ಡಿರಲಿಲ್ಲ.
ಈಗಲೂ ಮೊಮೊಸೆಯ ಅಂಗಡಿ ಮುಂದೆ ಹಾಯುವಾಗ
ಗಾಜಿನ ಕಪಾಟಿನಲ್ಲಿ ಅದು ಇದೆಯೇ ಎಂದು ಇಣುಕುತ್ತೇನೆ,
ಬೆಲೆಚೀಟಿ ಬದಲಾಗಿದೆಯೇ ಎಂದು ಕೂಡ.