ಗುರುವಾರದ ನಡಾವಳಿ

ಸ್ಥಳ: ಗ್ರಿಮ್ಸ್‌ಬಿ, ಮೀನುಕಟ್ಟೆಯ ಹಿಂದಿನ ಪಬ್ಬಿನ ಮಹಡಿ.
ಹಾಜರು ಏಳು ಜನ, ಜೊತೆಗೆ ಪಬ್ಬಿನವನ ನಾಯಿ.
ವಿಷಯ: ನಮ್ಮ ಥ್ರಾಸ್ಕನನ್ನು ಟಿವಿಯವರು ಏನು ಮಾಡಿಟ್ಟರು ಎಂಬುದು.

ಬರೆದುಕೊಳ್ಳುವವನು ನಾನು, ಹದಿನಾಲ್ಕು ವರ್ಷದಿಂದ.
ಇಷ್ಟು ಗಲಾಟೆ ಎಂದೂ ಬರೆದುಕೊಂಡಿದ್ದಿಲ್ಲ.

ಮ್ಯಾವಿಸ್ ಟೆಂಪರ್ಟನ್ ಕೋಟು ಕೂಡ ಬಿಚ್ಚದೆ ಶುರುಮಾಡಿದಳು:
ಗಡ್ಡ! ಥ್ರಾಸ್ಕನಿಗೆ ಗಡ್ಡ!
ನಲವತ್ತೊಂದು ಕತೆಗಳಲ್ಲಿ, ಒಂದು ಬೆಳಿಗ್ಗೆಯೂ ತಪ್ಪದೆ
ತಣ್ಣೀರಲ್ಲಿ ಕ್ಷೌರ ಮಾಡಿಕೊಂಡ ಮನುಷ್ಯ
ಈಗ ಮೂರು ದಿನದ ಕೂಳೆ ಬಿಟ್ಟುಕೊಂಡು
ಹಡಗಿನ ಕಂಟೇನರುಗಳ ನಡುವೆ ಓಡುತ್ತಾನೆ.
ಓಡುತ್ತಾನೆ. ಬರಕೋ.

ಬರೆದುಕೊಂಡೆ.

ಹಲ್ಲಿನ ಡಾಕ್ಟರು ಪ್ರೌಡ್ ಮೆಲ್ಲಗೆ:
ಕಾಲ ಬದಲಾಯಿತಲ್ಲ, ಕುದುರೆಗಾಡಿ ಎಲ್ಲಿಂದ ತರೋಣ?
ಮ್ಯಾವಿಸ್: ಕುದುರೆ ಬೇಡ, ಮರ್ಯಾದೆ?

ಆಗ ಸಿರಿಲ್ ಹೋಲ್‌ರಾಯ್ಡ್, ಎಂಬತ್ತೊಂದು,
ಸಿಗ್ನಲ್ ಕೊಠಡಿಯಲ್ಲಿ ಆಯುಸ್ಸು ಕಳೆದವನು,
ಕಡ್ಡಿ ಮುರಿದಂತೆ ಹೇಳಿದ:
ಹುಡುಗನ ದನಿ ಒಪ್ಪುತ್ತೇನೆ,
ಗಂಟಲಲ್ಲಿ ಒಂದು ಹಿಡಿ ಮರಳು, ಇರಬೇಕಾದ್ದೇ.
ಬೂಟು ಒಪ್ಪೋದಿಲ್ಲ.
ಥ್ರಾಸ್ಕನ ಎಡಗಾಲು ಎಳೆಯುತ್ತದೆ, ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ.
ಇವನದು ರಬ್ಬರ್ ಅಟ್ಟೆ, ಬೆಕ್ಕು ನಡೆದ ಹಾಗೆ.
ಇನ್ನು ಆ ಸಿಗ್ನಲ್ಲಿನ ಕತೆ:
ಐದು ಸಲ ಹೊಡೆಯಬೇಕಾದ ಗಂಟೆ ನಾಲ್ಕೇ ಹೊಡೆಯಿತು,
ಅಷ್ಟರಿಂದಲೇ ಕೊಲೆಗಾರನನ್ನು ಹಿಡಿದವನು ಥ್ರಾಸ್ಕ್.
ಇವರೋ, ಗೋಡೆಯ ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ನೋಡಿದರಂತೆ.
ನೋಡಿದ್ದು ಪತ್ತೆಯಲ್ಲ.
ನೋಡಿದ್ದು, ಅಷ್ಟೇ.

ಮೀನು ಡಬ್ಬಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಕೆಜಿಯಾ,
ಹತ್ತೊಂಬತ್ತು, ಅವನ ಪಕ್ಕದಲ್ಲಿ ಕೂತಿದ್ದಳು:
ನಾನು ಈ ಗಡ್ಡದವನ ಬೆನ್ನು ಹತ್ತಿಯೇ ನಿಮ್ಮ ಪುಸ್ತಕಕ್ಕೆ ಬಂದೆ.
ಇಪ್ಪತ್ತಾರು ಕತೆ ಮುಗಿಸಿದೆ.
ಗಡ್ಡದ ಉಪಕಾರ ಮರೀಬೇಡಿ.

ನಗು. ಮ್ಯಾವಿಸ್ ನಗಲಿಲ್ಲ.

ಗಂಟೆ ಐದಲ್ಲ, ಆರು ಎಂದರು ಪ್ರೌಡ್.
ಆರು? ಹೋಲ್‌ರಾಯ್ಡ್ ಕೋಟಿನ ಜೇಬಿಂದ
ಕಂದು ರಟ್ಟಿನ ತನ್ನ ಪ್ರತಿ ತೆಗೆದ, ಬಿಡಿಸಿದ,
ಎಲ್ಲೂ ತಡವರಿಸದೆ ಓದಿದ, ಒಂದಿಡೀ ಪ್ಯಾರಾ,
ಅಲ್ಪವಿರಾಮಗಳಿಗೆ ಉಸಿರು ನಿಲ್ಲಿಸಿ.
ಐದು.
ಪ್ರೌಡ್ ಸೋತರು. ಗ್ಲಾಸುಗಳು ಮೇಲೆದ್ದವು.

ಬಿಡಿಸಿದ ಪುಟದಲ್ಲಿ ಇದ್ದದ್ದು
ಕೆಮ್ಮಿನ ಔಷಧದ ಒಂದು ಹಳೇ ಜಾಹೀರಾತು.

ಕೆಜಿಯಾ ಅದನ್ನು ಕಂಡಳು. ಅವಳು ಕಂಡದ್ದನ್ನು ನಾನು ಕಂಡೆ.
ನನ್ನ ಟಿಪ್ಪಣಿ ತಿರುವಿದೆ: ದನಿ, ಬೂಟು, ಗಂಟೆ.
ಗಡ್ಡದ ಬಗ್ಗೆ ಅವನು ತುಟಿಪಿಟಕ್ಕೆಂದಿರಲಿಲ್ಲ.
ಮತ್ತೆ ಆ ಒಂದು ‘ಅಂತೆ’.
ಜನ್ಮವಿಡೀ ಪತ್ತೇದಾರಿ ಓದಿದವರು ನಾವು!
ನಾಯಿಗೆ ಮಾತ್ರ ಮೊದಲೇ ತಿಳಿದಿತ್ತೇನೋ,
ಅವನ ದಾರಿ ಬಿಟ್ಟು ಗೋಡೆಗೊತ್ತಿ ಮಲಗಿತ್ತು.

ಕೊನೆಯ ಪುಟದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ
ಬೆರಳು ತೋರಿಸುವುದು ಥ್ರಾಸ್ಕನ ಪದ್ಧತಿ.
ಕೆಜಿಯಾ ತನ್ನ ಬೆರಳಿಗಂಟಿದ ಮೀನಿನ ಹುರುಪೆಯನ್ನು
ಉಗುರಿನಿಂದ ಕೆರೆಯುತ್ತಾ ಕೂತಳು, ಸ್ವಲ್ಪ ಹೊತ್ತು.

ಆಮೇಲೆ: ಮುಂದಿನ ವಾರದಿಂದ ಗಟ್ಟಿಯಾಗಿ ಓದೋಣವೆ?
ಹಳೇ ಪದಗಳು ನನಗೆ ತೊಡಕು, ಇವರು ತಿದ್ದಲಿ.
ಟಿವಿಯನ್ನೂ ಇಲ್ಲೇ ಒಟ್ಟಿಗೆ ನೋಡೋಣ.
ಮ್ಯಾವಿಸ್ ಬಯ್ಯುತ್ತಾ ಇರಲಿ, ಒಂದನ್ನೂ ಬಿಡದೆ,
ಯಾರು ಬಂದರು, ಏನು ತೊಟ್ಟರು, ಮುಖ ಹೇಗೆ ಮಾಡಿದರು.

ಅದಕ್ಕೇನು, ಬಯ್ಯುತ್ತೇನೆ, ಎಂದಳು ಮ್ಯಾವಿಸ್, ಖುಷಿಯಾಗಿ.

ಹೋಲ್‌ರಾಯ್ಡ್ ಪುಸ್ತಕ ಮುಚ್ಚಿದ.
ಅವಳ ಕಡೆ ತಿರುಗಿದ, ಅವಳಿಗಿಂತ ಒಂದು ಗೇಣು ಎಡಕ್ಕೆ.
ಇಪ್ಪತ್ತಾರು ಮುಗಿಸಿದೆ ಅಂದೆಯಲ್ಲ, ಮಗು.
ಇಪ್ಪತ್ತೇಳನೆಯದರಲ್ಲಿ ಥ್ರಾಸ್ಕನಿಗೆ ಎಲ್ಲ ಗೊತ್ತಾಗುತ್ತದೆ,
ಆದರೂ ಒಬ್ಬನನ್ನು ಸುಮ್ಮನೆ ಬಿಟ್ಟುಬಿಡುತ್ತಾನೆ.
ಅಲ್ಲಿಂದಲೇ ಶುರುಮಾಡು.

ನಿರ್ಣಯಗಳು:
ಗಂಟೆ, ಐದು.
ಓದು, ಗಟ್ಟಿಯಾಗಿ; ಎಲ್ಲರ ಒಪ್ಪಿಗೆ ಇದೆ, ಕಾರಣ ದಾಖಲಿಸಿಲ್ಲ.
ಗಡ್ಡದ ವಿಷಯ ಮುಂದಕ್ಕೆ ಹಾಕಲಾಗಿದೆ.