ಹಿಂದಿನಿಂದ ಎಣಿಸು

ರಿಯೆಕಾ ಬಂದರು. ಹಡಗು ದುರಸ್ತಿ ಕಚೇರಿ.
ಬೆಳಿಗ್ಗೆ ಏಳೂವರೆಗೇ
ಅಂಚೆಪೆಟ್ಟಿಗೆ ತುಂಬಿತೆಂದು ಪರದೆಯ ಮೇಲೆ ಕೆಂಪು ಗೆರೆ.
ಹೊರಗೆ ಬೂರಾ ಗಾಳಿ, ಸಾಲ ಕೊಟ್ಟವನ ಹಾಗೆ
ಬಾಗಿಲ ಚಿಲಕ ಹಿಡಿದು ಅಲ್ಲಾಡಿಸುತ್ತಿದೆ.

ನನ್ನ ಕೆಲಸ ಸಣ್ಣದು:
ಹಳೆಯ ಮೇಲ್‌ಗಳ ಬೆನ್ನಿನ ಗಂಟು ಇಳಿಸುವುದು.
ತುಕ್ಕು ತಿಂದ ಚುಕ್ಕಾಣಿಯ ಫೋಟೊ, ಬಣ್ಣದ ಬಿಲ್ಲು,
ಸೀಳಿದ ತಳ, ಮತ್ತೆ ಅದೇ ತಳ ಇನ್ನೊಂದು ಮಗ್ಗುಲಿಂದ.
ಎಲ್ಲ ಬಿಚ್ಚಿ ಕಡತಕ್ಕೆ ಹಾಕಿ
ಪತ್ರದ ಅಡಿಗೆ ಒಂದು ಸಾಲು ಬರೆಯಬೇಕು:
‘ಲಗತ್ತು ತೆಗೆಯಲಾಗಿದೆ, ಹೆಸರು ಇಂಥದ್ದು.’
ಇದಕ್ಕೊಂದು ಮ್ಯಾಕ್ರೋ ಇದೆ. ಬರೆದವನು ಬೆರಿಸ್ಲಾವ್,
ನನಗಿಂತ ಮುಂಚೆ ಈ ಕುರ್ಚಿ ಸವೆಸಿದವನು.

ಅದು ಅರ್ಧ ಕೆಲಸ ಮಾಡುತ್ತದೆ.
ಆರಿದ್ದರೆ ಒಂದು, ಮೂರು, ಐದು ಹೋಗಿ
ಎರಡು, ನಾಲ್ಕು, ಆರು ಅಲ್ಲೇ ಕೂತಿರುತ್ತವೆ.
ತಪ್ಪಾಯಿತೆಂದೂ ಹೇಳುವುದಿಲ್ಲ.
ಮುಗಿಯಿತು ಎನ್ನುತ್ತದೆ, ಉಂಡು ಕೈ ತೊಳೆದವರ ಹಾಗೆ.

ಮೂರು ದಿನ ಒಂದೊಂದೇ ಸಾಲಿಗೆ ನಿಲ್ಲಿಸಿ ನಡೆಸಿದೆ.
ಹಳದಿ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು,
ಎಲ್ಲೂ ಮುಗ್ಗರಿಸಲಿಲ್ಲ.
ಕಂಪ್ಯೂಟರ್ ವಿಭಾಗದ ತ್ವರ್ತ್ಕೊ ಬಂದು ನೋಡಿ
ಆರಿಸಿ ಮತ್ತೆ ಹಚ್ಚಲು ಹೇಳಿ ಹೋದ.
ಬೆರಿಸ್ಲಾವ್‌ಗೆ ಫೋನ್ ಮಾಡಿದೆ. ಅವನೀಗ
ಕ್ರೆಸ್ ದ್ವೀಪದಲ್ಲಿ ಜೇನು ಸಾಕುತ್ತಾನೆ.
‘ನನ್ನ ಕಾಲಕ್ಕೆ ಸರಿಯಾಗಿಯೇ ಇತ್ತಲ್ಲ’ ಅಂದ.
ಸುಳ್ಳಲ್ಲ. ಅವನ ಕಾಲಕ್ಕೆ
ಒಂದು ಪತ್ರಕ್ಕೆ ಒಂದೇ ಲಗತ್ತು.

ಮಧ್ಯಾಹ್ನ ಬೆಸ್ನಿಕ್‌ನ ಬೇಕರಿಯಲ್ಲಿ ಬುರೆಕ್‌ಗೆ ನಿಂತಿದ್ದೆ.
ಮುಂದಿನವನು ಪೊಟ್ಟಣ ಹಿಡಿದು ಹೊರಟ,
ಸಾಲಿಗೆ ಸಾಲೇ ಒಂದು ಹೆಜ್ಜೆ ಸರಿಯಿತು.
ಬೆಸ್ನಿಕ್ ತಲೆಯೆತ್ತದೆ ‘ಎರಡನೆಯವರು’ ಎಂದ, ತಮಾಷೆಗೋ ಏನೋ.
ಅಷ್ಟರಲ್ಲಿ ಎರಡನೆಯ ಮುದುಕಿ ಮೊದಲಿಗೆ ಬಂದಾಗಿತ್ತು,
ಕೈ ಚಾಚಿದ್ದು ಅವಳ ಹಿಂದಿನ ನಾವಿಕ.
ಮುದುಕಿ ಬೈದಳು, ಜನ ನಕ್ಕರು.
ನಾನು ಬುರೆಕ್ ಬಿಟ್ಟು ಓಡಿದೆ.

ಒಂದನ್ನು ತೆಗೆದೊಡನೆ
ಎರಡು ಒಂದಾಗುತ್ತದೆ, ಸದ್ದಿಲ್ಲದೆ.
ಎಣಿಸುವ ಬೆರಳು ಮಾತ್ರ ತನ್ನ ಪಾಡಿಗೆ ಮುಂದೆ ಹೋಗಿರುತ್ತದೆ.

ಹಾಗಾಗಿ ಕೊನೆಯಿಂದ. ಆರು, ಐದು, ನಾಲ್ಕು,
ಹೋದವರ ಹಿಂದೆ ಸರಿಯಲು ಯಾರೂ ಇಲ್ಲದ ಹಾಗೆ.
ಓಡಿಸಿದೆ. ಎಲ್ಲ ಖಾಲಿ!
ಮುಚ್ಚಿ ತೆರೆದರೆ ಆರಕ್ಕೆ ಆರೂ ಮರಳಿ ಬಂದಿದ್ದವು.
ಉಳಿಸು ಎಂಬ ಒಂದು ಪದ ಬರೆದಿರಲಿಲ್ಲ ನಾನು.
ಕೆಡಿಸುವುದಕ್ಕೂ ಉಳಿಸು ಅನ್ನಬೇಕಂತೆ;
ಈ ಭಾಷೆ ಮಾಡಿದವರನ್ನು ಒಮ್ಮೆ ನೋಡಬೇಕು.

ಸಂಜೆ ಬೆರಿಸ್ಲಾವ್‌ಗೆ ಹೇಳಿದೆ. ಅವನು:
‘ಅಷ್ಟೇನಾ? ಜೇನುಪೆಟ್ಟಿಗೆಯಲ್ಲೂ ಹಾಗೆಯೇ ಹುಡುಗಿ,
ಅಂಚಿನ ಚೌಕಟ್ಟು ಮೊದಲು ತೆಗೆಯಬೇಕು,
ನಡುವಿಗೆ ಕೈ ಹಾಕಿದರೆ ರಾಣಿ ನುಜ್ಜಾಗುತ್ತಾಳೆ.’
ನನಗೆ ನಲವತ್ತಾರು. ಅವನಿಗೆ ಇದು ಮೊದಲೇ ಗೊತ್ತಿತ್ತು,
ಬೇರೆ ಪೆಟ್ಟಿಗೆಯಲ್ಲಿ.

ಫೋನ್ ಇಟ್ಟು ಅವನ ಹಳೆಯ ಪತ್ರವೊಂದು ತೆರೆದೆ.
ಸಹಿಯ ಕೆಳಗೆ ಅವನೊಂದು ಪುಟ್ಟ ಲಂಗರು ಅಂಟಿಸುತ್ತಿದ್ದ,
ಹೆಬ್ಬೆರಳ ಉಗುರಿನಷ್ಟು, ನೀಲಿ.
ಮ್ಯಾಕ್ರೋಗೆ ಅದೂ ಲಗತ್ತೇ.
ಈಗ ಅಲ್ಲಿ ಒಂದು ಖಾಲಿ ಚೌಕ, ಅದರಡಿ ಅವನದೇ ವಾಕ್ಯ:
‘ಲಗತ್ತು ತೆಗೆಯಲಾಗಿದೆ.’

ಉಳಿದ ಸಾವಿರದ ಇನ್ನೂರು ಪತ್ರಗಳನ್ನು ಮುಟ್ಟುವ ಮುನ್ನ
ಒಂದು ಸಾಲು ಸೇರಿಸಿದೆ:
ಐದು ಕೆಬಿಗಿಂತ ಚಿಕ್ಕದಾದರೆ ಬಿಡು.

ಗಾಳಿ ಇನ್ನೂ ಚಿಲಕ ಬಿಟ್ಟಿಲ್ಲ.
ಬೆಸ್ನಿಕ್ ಬುರೆಕ್ ಕಟ್ಟಿಟ್ಟಿದ್ದಾನಂತೆ,
ತಣ್ಣಗಾಗಿದೆಯಂತೆ.